ಲೇಕ್ ತಾಹೋದಲ್ಲಿ ಅಪ್ಪ ಈಜಬಹುದೇ?

ಪ್ರಶ್ನೆ: ಬೆಂಗಳೂರಿನಿಂದ ಅಪ್ಪ, ಅಮ್ಮ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದಿದ್ದಾರೆ. ಜೂನ್ ಮೊದಲ ವಾರ ಲೇಕ್ ತಾಹೋಗೆ ಹೋಗಿ, ಸ್ಯಾಂಡ್ ಹಾರ್ಬರ್ ದಡದಲ್ಲಿ ಬುತ್ತಿ ಬಿಚ್ಚುವ ಆಲೋಚನೆ. ಅಪ್ಪನಿಗೆ 66 ವರ್ಷ, ಬಿ.ಪಿ. ಮಾತ್ರೆ ನಡೆಯುತ್ತಿದೆ. ಊರ ಬಾವಿಯಲ್ಲಿ ಈಜು ಕಲಿತವರು, ನೀರು ಕಂಡರೆ ಇಳಿಯದೆ ಇರಲಾರರು. ಅಷ್ಟು ಎತ್ತರದಲ್ಲಿ ಉಸಿರಾಟಕ್ಕೆ ತೊಂದರೆಯಾದೀತೆ?

ಉತ್ತರ: ಎತ್ತರದ ಭಯ ಬಹುಮಟ್ಟಿಗೆ ಬೇಡ. ತಾಹೋ ಇರುವುದು ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲೆ, ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಷ್ಟು. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ, ಅದೂ ಹೆಚ್ಚಾಗಿ ಅಲ್ಲೇ ರಾತ್ರಿ ತಂಗಿದವರನ್ನು. ನಡೆಯುವಾಗ ಏದುಸಿರು ಬಂದೀತು, ತಲೆ ತುಸು ಭಾರವಾದೀತು, ಕೂತು ಸುಧಾರಿಸಿಕೊಂಡರಾಯಿತು. ಹೃದಯ ವೈಫಲ್ಯ, ತೀವ್ರ ಶ್ವಾಸಕೋಶದ ಕಾಯಿಲೆ ಇರುವವರು ಮತ್ತು ಈಚೆಗೆ ಹೃದಯಾಘಾತವಾದವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು.

ನಿಜಕ್ಕೂ ಯೋಚಿಸಬೇಕಾದದ್ದು ನೀರಿನ ಬಗ್ಗೆ.

ತಾಹೋದ ಗರಿಷ್ಠ ಆಳ 501 ಮೀಟರ್. ತಳದ ನೀರು ವರ್ಷವಿಡೀ 5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಆಗಸ್ಟ್‌ನಲ್ಲಿ ಮೇಲ್ಪದರ 20ರ ಹತ್ತಿರ ಬಂದರೂ ಜೂನ್ ಆರಂಭದಲ್ಲಿ 15ಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಮೇಲೆ ಬಿಸಿಲು ಚುರುಗುಟ್ಟುತ್ತಿರುತ್ತದೆ, ನೀರು ತಿಳಿಯಾಗಿ ಕರೆಯುತ್ತಿರುತ್ತದೆ, ಮೋಸಹೋಗುವುದು ಅಲ್ಲೇ. ಬೆನ್ನಿಗೆ ತಣ್ಣೀರಿನ ಚೊಂಬು ಸುರಿದಾಗ ಉಸಿರು ಜಗ್ಗಿಕೊಳ್ಳುವಂತೆ, ಇಂಥ ನೀರಿಗೆ ಧುಮುಕಿದವರು ಬೇಡವೆಂದರೂ ಉಸಿರೆಳೆದುಕೊಳ್ಳುತ್ತಾರೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಈಜು ಬಂದೂ ಉಪಯೋಗವಿಲ್ಲ. ಚರ್ಮದ ರಕ್ತನಾಳಗಳು ಕುಗ್ಗಿ, ಎದೆಬಡಿತದ ಜೊತೆಗೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಬಿ.ಪಿ. ಇರುವವರಿಗೆ ಇದೇ ಅಪಾಯ.

ಹಾಗಾಗಿ ಬಂಡೆಯ ಮೇಲಿಂದ ಹಾರುವುದು ಬೇಡವೇ ಬೇಡ. ಬಿ.ಪಿ. ಹತೋಟಿಯಲ್ಲಿದ್ದು ಹೃದಯದ ತೊಂದರೆ ಇಲ್ಲದಿದ್ದರೆ, ಮೊಣಕಾಲು, ಸೊಂಟ ಎಂದು ನಿಧಾನಕ್ಕೆ ಇಳಿದು, ನೆಲ ಸಿಗುವಲ್ಲೇ ಕೆಲವು ನಿಮಿಷ ಇದ್ದು ಬರಬಹುದು. ಆಯತಪ್ಪಿ ಬಿದ್ದರೆ ಕೈಕಾಲು ಬಡಿಯದೆ ಅಂಗಾತ ತೇಲಬೇಕು. ಒಂದೆರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ. ಕಯಾಕ್ ಹತ್ತುವುದಾದರೆ ಲೈಫ್ ಜಾಕೆಟ್ ಮೈಮೇಲಿರಬೇಕು, ಕಾಲಬಳಿ ಅಲ್ಲ. ಮಧ್ಯಾಹ್ನದ ನಂತರ ಗಾಳಿ ಏಳುವುದರಿಂದ ಬೆಳಗ್ಗೆಯೇ ಮುಗಿಸುವುದು ಒಳ್ಳೆಯದು.

ಬಿ.ಪಿ. ಮಾತ್ರೆಯ ಚೀಟಿಯನ್ನೂ ಒಮ್ಮೆ ನೋಡಿ. ಹೈಡ್ರೋಕ್ಲೋರೋಥಯಜೈಡ್ ಇದ್ದರೆ ಮೂತ್ರ ಹೆಚ್ಚಾಗುತ್ತದೆ, ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ತೀಕ್ಷ್ಣವಾಗುತ್ತದೆ. ಕಂದು ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ ಎಂಬ ಮಾತು ಇಲ್ಲಿ ನಡೆಯದು. ಟೋಪಿ, ತುಂಬುತೋಳಿನ ಅಂಗಿ ಇರಲಿ. ಎಸ್‌ಪಿಎಫ್ 30ರ ಲೇಪ ಎರಡು ಗಂಟೆಗೊಮ್ಮೆ, ಒದ್ದೆಯಾದರೆ ಅದಕ್ಕೂ ಮೊದಲೇ. ಕುಡಿಯುವ ನೀರು ಮನೆಯಿಂದಲೇ ಬರಲಿ. ಕೆರೆಯ ನೀರು ಎಷ್ಟೇ ತಿಳಿಯಿದ್ದರೂ ಅದರಲ್ಲಿ ಭೇದಿ ತರುವ ಜಿಯಾರ್ಡಿಯಾ ಇರಬಹುದು.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಏನು ಎಚ್ಚರ?

ಉತ್ತರ: ದಡದಲ್ಲಿ ಅಡ್ಡಾಡಿದ ದಿನ ಸಕ್ಕರೆ ಕುಸಿಯಬಹುದು; ಗ್ಲೂಕೋಸ್ ಪುಡಿ ಕೈಚೀಲದಲ್ಲಿರಲಿ. ಕಾದ ಮರಳಿನ ಮೇಲೆ ಬರಿಗಾಲು ಬೇಡ, ಸ್ಪರ್ಶ ಮಂದವಾದ ಪಾದ ಸುಟ್ಟರೂ ತಿಳಿಯುವುದಿಲ್ಲ. ಇನ್ಸುಲಿನ್ ಪೆನ್ನನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ಬಟ್ಟೆ ಸುತ್ತಿ ತಣ್ಣನೆಯ ಡಬ್ಬಿಯಲ್ಲಿಡಿ, ಮಂಜುಗಡ್ಡೆಗೆ ತಾಗದಂತೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸುವಂತಿಲ್ಲ.