ಕೌದಿಗೆ ತ್ರಿಕೋನ ಜೋಡಣೆಯ ಚೌಕಗಳು

ಉತ್ತರ ಕರ್ನಾಟಕದ ರೈತ ಕುಟುಂಬಗಳಲ್ಲಿ ಹಳೆಯ ಸೀರೆ, ಧೋತರಗಳು ಎಸೆಯುವ ವಸ್ತುಗಳಲ್ಲ. ಸುಗ್ಗಿ ಮುಗಿದ ಮೇಲೆ ಅವುಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಕೈಯಿಂದ ಹೊಲಿದು ಕೌದಿ ಮಾಡುವ ರೂಢಿ ಹಿಂದಿನಿಂದ ಬಂದಿದೆ. ಮನೆಯ ಬಳಕೆಯ ಕೌದಿಗೆ ಕೈಯಂದಾಜು ಸಾಕು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರಂತೂ ತಮ್ಮ ಕೌದಿಯಲ್ಲಿ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತಾ ಹೋಗುತ್ತಾರೆ. ಒಂದು ತುಂಡು ಚಿಕ್ಕದಾದರೆ ಪಕ್ಕದ್ದು ಅದನ್ನು ಮುಚ್ಚುತ್ತದೆ. ಅದರ ಅಂದವೇ ಬೇರೆ. ಅದನ್ನು ಅಳತೆಪಟ್ಟಿಗೆ ಕಟ್ಟಿಹಾಕುವ ಅಗತ್ಯವಿಲ್ಲ.

ಆದರೆ ಮಂಚದ ಅಳತೆ ಕೊಟ್ಟು ಕೌದಿ ಕೊಳ್ಳುವವರಿಗೆ ಹೊಲಿಯುವಾಗ, ಅದರಲ್ಲೂ ಎರಡು ಬಣ್ಣದ ತ್ರಿಕೋನಗಳನ್ನು ಕೂಡಿಸಿದ ಚೌಕಗಳ ನಮೂನೆ ಬೇಕೆಂದಾಗ, ಅಂದಾಜು ನಡೆಯುವುದಿಲ್ಲ. 60 ಅಂಗುಲ ಅಗಲ, 80 ಅಂಗುಲ ಉದ್ದದ ಕೌದಿಗೆ 4 ಅಂಗುಲದ ಚೌಕಗಳು ಅಡ್ಡಕ್ಕೆ 15, ಉದ್ದಕ್ಕೆ 20, ಒಟ್ಟು 300 ಬೇಕು. ಒಂದೊಂದು ಚೌಕದಲ್ಲಿ 1/16 ಅಂಗುಲ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಹೆಚ್ಚಾದರೂ 20 ಚೌಕಗಳ ಸಾಲು 1¼ ಅಂಗುಲ ಬೆಳೆಯುತ್ತದೆ. ಪಕ್ಕದ ಸಾಲು ಸರಿಯಾಗಿದ್ದರೆ ಎರಡನ್ನೂ ಕೂಡಿಸುವಾಗ ಬಟ್ಟೆ ಉಬ್ಬುತ್ತದೆ, ತ್ರಿಕೋನಗಳ ಮೊನೆಗಳು ಹೊಲಿಗೆಯೊಳಗೆ ಮಾಯವಾಗುತ್ತವೆ. ವಾರಗಟ್ಟಲೆಯ ದುಡಿಮೆಗೆ ತಕ್ಕ ಬೆಲೆ ಸಿಗುವುದಿಲ್ಲ.

ತಪ್ಪು ಎಲ್ಲಿ ಆಗುತ್ತದೆ?

ತ್ರಿಕೋನ ಬೇಕೆಂದು ಮೊದಲೇ ತ್ರಿಕೋನವನ್ನು ಕತ್ತರಿಸುವುದು ಸಾಮಾನ್ಯ ರೂಢಿ. ತೊಂದರೆ ಇಲ್ಲಿಂದಲೇ ಆರಂಭ. ಬಟ್ಟೆಯು ಹಾಸು ಮತ್ತು ಹೊಕ್ಕಿನ ನೇರಕ್ಕೆ ಹೆಚ್ಚು ಜಗ್ಗುವುದಿಲ್ಲ. ಓರೆಯಾಗಿ ಎಳೆದರೆ ಸುಲಭವಾಗಿ ಜಗ್ಗುತ್ತದೆ. ತ್ರಿಕೋನದ ಉದ್ದನೆಯ ಬದಿ ಪೂರ್ತಿ ಓರೆಯಲ್ಲಿರುವುದರಿಂದ ಯಂತ್ರದ ಕೆಳಗೆ ಹೋಗುವಷ್ಟರಲ್ಲಿ ಅದು ಬೆಳೆದಿರುತ್ತದೆ. ಅದಕ್ಕಾಗಿ ಮೊದಲು ಹೊಲಿಗೆ, ಆಮೇಲೆ ಕತ್ತರಿ ಎಂಬ ಕ್ರಮ ಉತ್ತಮ.

ಹೊಲಿಗೆಗೆ ಎಲ್ಲ ಕಡೆ ¼ ಅಂಗುಲ ಬಿಡುವುದಾದರೆ, ಮುಗಿದ ಅಳತೆಗೆ 7/8 ಅಂಗುಲ ಸೇರಿಸಿ ಚೌಕ ಕತ್ತರಿಸಬೇಕೆಂಬುದು ಪುಸ್ತಕದ ಲೆಕ್ಕ. ಲೆಕ್ಕ ಸರಿಯೇ, ಆದರೆ ಕೈ ಸ್ವಲ್ಪ ಅಲುಗಿದರೂ ತಿದ್ದಲು ಜಾಗವಿರುವುದಿಲ್ಲ. ಆದ್ದರಿಂದ ಪೂರ್ತಿ 1 ಅಂಗುಲ ಸೇರಿಸುವುದು ಮೇಲು. 4 ಅಂಗುಲದ ಚೌಕಕ್ಕೆ 5 ಅಂಗುಲದ ತುಂಡು ಕತ್ತರಿಸಿ, ಹೊಲಿದ ಮೇಲೆ 4½ ಅಂಗುಲಕ್ಕೆ ಸವರಬೇಕು. ಉಳಿದ ½ ಅಂಗುಲ ಸುತ್ತಲಿನ ಹೊಲಿಗೆಯಲ್ಲಿ ಹೋಗುತ್ತದೆ.

ಮೇಲೆ ಹೇಳಿದ ಕೌದಿಗೆ ತಿಳಿ ಬಣ್ಣದ 150, ಗಾಢ ಬಣ್ಣದ 150 ತುಂಡುಗಳು ಬೇಕು. 36 ಅಂಗುಲ ಪನ್ನದ ಹೊಸ ಬಟ್ಟೆಯಾದರೆ ಅಡ್ಡಕ್ಕೆ 7 ತುಂಡುಗಳಂತೆ 22 ಪಟ್ಟಿಗಳು, ಎಂದರೆ ಒಂದೊಂದು ಬಣ್ಣಕ್ಕೂ 110 ಅಂಗುಲ, ಸುಮಾರು 2 ಮೀಟರ್ 80 ಸೆಂಟಿಮೀಟರ್ ಹಿಡಿಯುತ್ತದೆ. ಒಗೆದಾಗ ಕುಗ್ಗುವುದಕ್ಕೆಂದು ಇನ್ನಷ್ಟು ಹೆಚ್ಚಾಗಿಯೇ ಕೊಳ್ಳಬೇಕು. ಹಳೆಯ ಸೀರೆಯಾದರೆ ಬೆಳಕಿಗೆ ಹಿಡಿದು ನೋಡಿ, ಸವೆದು ತೆಳುವಾದ ಭಾಗವನ್ನು ಬಿಡಬೇಕು. ಹೊಸ ಬಟ್ಟೆಯನ್ನು ಒಗೆದು, ಒದ್ದೆ ಇರುವಾಗಲೇ ಬಿಳಿ ಅರಿವೆಗೆ ಒತ್ತಿ ಬಣ್ಣ ಬಿಡುವುದೋ ಎಂದು ಪರೀಕ್ಷಿಸಬೇಕು.

ಹೊಲಿಯುವ ಕ್ರಮ

ತಿಳಿ ಮತ್ತು ಗಾಢ ತುಂಡುಗಳನ್ನು ಮುಖಕ್ಕೆ ಮುಖ ಕೂಡಿಸಿ, ತಿಳಿ ಬಟ್ಟೆಯ ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಗೆರೆಯ ಎರಡೂ ಪಕ್ಕಗಳಲ್ಲಿ ¼ ಅಂಗುಲ ದೂರಕ್ಕೆ ಒಂದೊಂದು ಹೊಲಿಗೆ ಹಾಕಿ, ಗೆರೆಯ ಮೇಲೆ ಕತ್ತರಿಸಿದರೆ ಎರಡು ಚೌಕಗಳು ಒಮ್ಮೆಗೇ ಸಿಗುತ್ತವೆ. ಯಂತ್ರದ ಪಾದದ ಅಂಚು ಸರಿಯಾಗಿ ¼ ಅಂಗುಲಕ್ಕೇ ಇರುತ್ತದೆಂದು ನಂಬಬಾರದು. ಅಳೆದು ನೋಡಿ ತಟ್ಟೆಯ ಮೇಲೆ ಅಂಟುಪಟ್ಟಿ ಹಚ್ಚಿಕೊಳ್ಳಬೇಕು. ಬಿಡಿಸಿದ ಮೇಲೆ ಹೊಲಿಗೆಯ ಅಂಚನ್ನು ಗಾಢ ಬಣ್ಣದ ಕಡೆಗೆ ಮಡಚಿ ಇಸ್ತ್ರಿ ಮಾಡಬೇಕು. ಪೆಟ್ಟಿಗೆಯನ್ನು ಎತ್ತಿ ಎತ್ತಿ ಒತ್ತಬೇಕೇ ಹೊರತು ಉಜ್ಜಬಾರದು. ಉಜ್ಜಿದರೆ ಚೌಕ ಸೊಟ್ಟಗಾಗುತ್ತದೆ.

ಸವರುಪಟ್ಟಿ

ಪೇಟೆಯಲ್ಲಿ ಇದಕ್ಕೆಂದೇ ಓರೆಗೆರೆ ಇರುವ ಪಾರದರ್ಶಕ ಪಟ್ಟಿಗಳು ಸಿಗುತ್ತವೆ. ಕೊಳ್ಳಲೇಬೇಕೆಂದಿಲ್ಲ. ಫಲಕ ಬರೆಯುವವರಲ್ಲಿ ಅಕ್ರಿಲಿಕ್ ತಗಡಿನಿಂದ ಸರಿಯಾಗಿ 4½ ಅಂಗುಲದ ಚೌಕ ಕತ್ತರಿಸಿಕೊಂಡು, ಮೂಲೆಯಿಂದ ಮೂಲೆಗೆ ಸೂಜಿಯಿಂದ ಗೀರಿ ಶಾಯಿ ತುಂಬಿದರೆ ಆಯಿತು. ಗೀರಿದ ಮುಖ ಬಟ್ಟೆಯ ಕಡೆಗೆ ಇರಬೇಕು. ಎರಡು ಕರ್ಣಗಳೂ ಸಮನಾಗಿ, ಸುಮಾರು 6 3/8 ಅಂಗುಲ ಬಂದರೆ ಮಾತ್ರ ಪಟ್ಟಿ ನಂಬಿಕೆಗೆ ಅರ್ಹ. ಇಲ್ಲವಾದರೆ ಒಂದೇ ತಪ್ಪು 300 ಸಲ ಅಚ್ಚಾಗುತ್ತದೆ.

ಗೀರನ್ನು ಹೊಲಿಗೆಯ ಮೇಲೆ ಕರಾರುವಾಕ್ಕಾಗಿ ಕೂಡಿಸಿ, ನಾಲ್ಕೂ ಬದಿಗಳಲ್ಲಿ ಬಟ್ಟೆ ಸ್ವಲ್ಪ ಹೊರಗೆ ಕಾಣುವಂತೆ ಇಡಬೇಕು. ಬದಿಯ ಅಳತೆಗಿಂತ ಈ ಗೀರೇ ಮುಖ್ಯ. ಅದು ಸರಿದರೆ ಚೌಕ ಚೌಕವಾಗಿಯೇ ಇದ್ದು ತ್ರಿಕೋನದ ಮೊನೆ ಮೂಲೆ ತಪ್ಪುತ್ತದೆ. ಸುತ್ತಲೂ ಗುರುತು ಹಾಕಿ ಹರಿತವಾದ ಕತ್ತರಿಯಿಂದ ಸವರಬೇಕು. 1979ರಲ್ಲಿ ಜಪಾನಿನ ಓಲ್ಫಾ ಸಂಸ್ಥೆ ಹೊರತಂದ ಚಕ್ರದ ಕತ್ತಿಯಿಂದ ಕೆಲಸ ಇನ್ನೂ ಬೇಗ ಆಗುತ್ತದೆ, ಆದರೆ ಕೆಳಗೆ ಅದರದೇ ಚಾಪೆ ಬೇಕು. ಆ ಕತ್ತಿ ಬೆರಳಿಗೂ ಹರಿತವೇ. ಮಕ್ಕಳ ಕೈಗೆ ಸಿಗಬಾರದು.

ಒಂದು ಚೌಕಕ್ಕೆ ನಾಲ್ಕು ಬದಿ ಎಂದರೆ ಕೌದಿಗೆ 1200 ಕಡಿತಗಳು. ಇದನ್ನು ಅರ್ಧಕ್ಕೆ ಇಳಿಸುವ ದಾರಿಯೊಂದಿದೆ. ಬಿಡಿಸುವ ಮೊದಲೇ, ಮಡಚಿದ ತ್ರಿಕೋನದ ಮೇಲೆ ಗೀರನ್ನು ಹೊಲಿಗೆಯ ದಾರಕ್ಕೆ ಕೂಡಿಸಿಟ್ಟು ಎರಡು ಬದಿ ಸವರಿದರೆ ಎರಡೂ ಪದರ ಒಟ್ಟಿಗೆ ಸರಿಹೋಗುತ್ತವೆ. ಬಿಡಿಸಿದಾಗ ಮೂಲೆಯಲ್ಲಿ ಇಣುಕುವ ಕಿವಿಗಳನ್ನು ಕತ್ತರಿಸಬೇಕು. ತೆಳು ಹತ್ತಿ ಬಟ್ಟೆಗೆ ಈ ದಾರಿ ಚೆನ್ನಾಗಿದೆ. ದಪ್ಪ ಖಾದಿಯಲ್ಲಿ ಮಡಿಕೆಯೇ ಒಂದೆರಡು ಎಳೆ ನುಂಗುವುದರಿಂದ ಬಿಡಿಸಿ, ಇಸ್ತ್ರಿ ಮಾಡಿದ ಮೇಲೆಯೇ ಸವರುವುದು ಸರಿ.

ಹತ್ತು ಚೌಕ ಮುಗಿದಾಗಲೊಮ್ಮೆ ಒಂದರ ಮೇಲೊಂದು ಪೇರಿಸಿ ಅಂಚು ನೋಡಬೇಕು. ಹೊರಚಾಚಿದ್ದನ್ನು ಆಗಲೇ ತೆಗೆದು ಮತ್ತೆ ಸವರಬೇಕು. ಅಳತೆಗೆ ಕಡಿಮೆಯಾದದ್ದನ್ನು ಎಳೆದು ಹೊಂದಿಸದೆ, ಕೌದಿಯ ಒಳಪದರಕ್ಕೆ ಹಾಕಬಹುದು.