ಮಾಡುವವನೂ ಮಾಡಿಸುವವನೂ

ಕನ್ನಡದಲ್ಲಿ ‘ಮಾಡು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯವು ಸೇರಿದರೆ ‘ಮಾಡಿಸು’ ಎಂದಾಗುವುದು. ಪಾಠಶಾಲೆಯ ಬಾಲಕರೂ ಬಲ್ಲ ವಿಷಯವಿದು. ಆದರೆ ಮಠದ ಪಾರುಪತ್ಯಗಾರನಿಂದ ಹಿಡಿದು ಕಾರ್ಖಾನೆಯ ಮೇಸ್ತ್ರಿಯವರೆಗೆ, ಹತ್ತು ಜನರಿಂದ ಕೆಲಸ ತೆಗೆಯುವವರೆಲ್ಲರ ಧರ್ಮಸೂಕ್ಷ್ಮವು ಈ ಪುಟ್ಟ ಪ್ರತ್ಯಯದಲ್ಲಿ ಅಡಗಿದೆಯೆಂದು ಯೋಚಿಸುವವರು ವಿರಳ.

‘ಆಳು ಕೆರೆಯನ್ನು ಅಗೆದನು’ ಎಂಬಲ್ಲಿ ಆಳು ಪ್ರಥಮಾ ವಿಭಕ್ತಿಯಲ್ಲಿರುವನು. ‘ಒಡೆಯನು ಆಳಿನಿಂದ ಕೆರೆಯನ್ನು ಅಗೆಯಿಸಿದನು’ ಎಂದೊಡನೆ ಒಡೆಯನು ಆ ಸ್ಥಾನವನ್ನೇರುವನು. ಆಳು ತೃತೀಯೆಗೆ ಇಳಿಯುವನು. ‘ಗುದ್ದಲಿಯಿಂದ’ ಎಂಬುದಕ್ಕೂ ಅದೇ ವಿಭಕ್ತಿ. ಹಾಗಾದರೆ ಆಳೂ ಗುದ್ದಲಿಯೂ ಒಂದೆಯೇ? ಅಲ್ಲ. ಕರ್ತೃ ಕರಣಗಳೆರಡಕ್ಕೂ ತೃತೀಯೆಯನ್ನು ವಿಧಿಸಿದ ಪಾಣಿನಿಯು ಅವೆರಡನ್ನೂ ಬೇರೆಬೇರೆಯಾಗಿಯೇ ಹೆಸರಿಸಿದ್ದಾನೆ. ಪ್ರೇರಿಸುವವನನ್ನು ಹೇತುವೆಂದು ಕರೆದರೂ, ಮಾಡುವವನು ಪ್ರಯೋಜ್ಯಕರ್ತೃವಾಗಿಯೇ ಉಳಿಯುವನು. ವಿಭಕ್ತಿಯ ಹೊರರೂಪವನ್ನಷ್ಟೇ ಕಂಡು ಮನುಷ್ಯನನ್ನು ಗುದ್ದಲಿಯೆಂದೆಣಿಸುವ ಮೇಲ್ವಿಚಾರಕನು, ಧರ್ಮದ ಮಾತು ಹಾಗಿರಲಿ, ವ್ಯಾಕರಣವನ್ನೂ ಅರಿಯದವನು.

ಶೂನ್ಯಸಂಪಾದನೆಯಲ್ಲಿ ಇದಕ್ಕೆ ತಕ್ಕ ಪ್ರಸಂಗವೊಂದುಂಟು. 12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಬಹುಜನರನ್ನು ಕೂಡಿಸಿ ಕೆರೆಯನ್ನು ಕಟ್ಟಿಸುತ್ತಿದ್ದರು. ಅಲ್ಲಮಪ್ರಭುದೇವರು ಅಲ್ಲಿಗೆ ಬಂದು, ಅವರನ್ನು ಮಣ್ಣು ಅಗೆಯುವ ಒಡ್ಡನೆಂದು ಕೂಗಿ ಕರೆದರು. ಕೆಲಸದಲ್ಲಿದ್ದವರು ಕೆರಳಿ ಕಲ್ಲೆಸೆದರು. ನಮ್ಮ ಪುರಾಣಿಕರು ಇಲ್ಲಿ ಪ್ರಭುವಿನ ಮಹಿಮೆಯನ್ನೇ ಹಿಗ್ಗಿಸಿ ಹೇಳುವುದು ವಾಡಿಕೆ. ನನಗಾದರೋ ಆ ಜನರ ಕೋಪವೇ ಹೆಚ್ಚು ವಿಚಾರಾರ್ಹವಾಗಿ ತೋರುವುದು. ಎಲ್ಲರ ಕೈಯಲ್ಲಿಯೂ ಮಣ್ಣು ಮೆತ್ತಿರುವ ಸ್ಥಳದಲ್ಲಿ, ಗುರುವನ್ನು ಮಣ್ಣಿನ ಕೆಲಸದವನೆಂದರೆ ಅದು ಬೈಗುಳವಾದುದೇಕೆ? ಮಾಡಿಸುವವನು ಮಾಡುವವನಿಗಿಂತ ಮೇಲೆಂಬ ಭಾವವು ಮಾಡುವವರ ಮನಸ್ಸಿನಲ್ಲಿಯೇ ಬೇರೂರಿತ್ತು! ಪ್ರಭುವಿನ ಮಾತು ತಾಗಿದುದು ಕೆರೆಗಲ್ಲ, ಆ ಭಾವಕ್ಕೆ. ‘ನಾನು ಮಾಡಿಸಿದೆನು’ ಎಂಬ ಅಭಿಮಾನಕ್ಕೆ. ಕೆರೆಯಂತೂ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದು ಇಂದಿಗೂ ಇದೆ.

ಹಾಗೆಂದು ಮೇಲ್ವಿಚಾರಣೆಯೇ ಬೇಡವೆಂದಲ್ಲ. ಏರಿ ಸೋರಿದರೆ ಊರು ಮುಳುಗುವುದು. ನೋಡುವ ಕಣ್ಣು ಬೇಕೇ ಬೇಕು. ಆ ಕಣ್ಣು ಎಂತಹದೆಂಬುದನ್ನು ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ತಾಯಿಯಲ್ಲಿ ಕಾಣಬಹುದು. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಕೆ ಅದನ್ನು ಮರಳಿ ಸುರಿದು ಬರಹೇಳಿದಳು. ಆಕೆಗೆ ಯಾವ ಅಧಿಕಾರಮುದ್ರೆಯೂ ಇರಲಿಲ್ಲ. ನಿತ್ಯದ ಅಳತೆ ಗೊತ್ತಿತ್ತು, ಅಷ್ಟೆ. ಆ ಅಕ್ಕಿಯನ್ನು ಬೇಯಿಸಿ ಜಂಗಮರಿಗೆ ನೀಡುವ ಹೊಣೆಯೂ ಆಕೆಯದೇ. ಕೆಲಸದ ಅಳತೆಯನ್ನು ತನ್ನ ಕೈಯಿಂದ ಅರಿಯದವನು ಪರರ ಕೆಲಸವನ್ನು ಅಳೆಯಹೊರಟರೆ, ಅವನಿಗುಳಿಯುವುದು ಗದರಿಕೆಯೊಂದೇ.

ಜಾತ್ರೆಯ ದಾಸೋಹದಲ್ಲಿ ಉಗ್ರಾಣವನ್ನು ನೋಡಿಕೊಳ್ಳುವ ತರುಣರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅನ್ನವು ಬೇಯಲಿಲ್ಲವೆಂದು ಅಡುಗೆಯವನನ್ನು ಪಂಕ್ತಿಯೆದುರು ಜರೆಯುವ ಮೊದಲು, ಸೌದೆ ಒಣಗಿತ್ತೇ, ಅಕ್ಕಿಯು ಹೊತ್ತಿಗೆ ಸರಿಯಾಗಿ ಉಗ್ರಾಣದಿಂದ ಹೊರಬಂದಿತ್ತೇ ಎಂದು ವಿಚಾರಿಸಬೇಕು. ಹಸಿಸೌದೆಯನ್ನು ತರಿಸಿದವನು ಅಡುಗೆಯವನಲ್ಲವಷ್ಟೆ.