ಕೊಳ್ಳುವ ಕರ, ಕೊಡುವ ಕರ: ಕೆನಡಾ ದೇಶದ ಇಂಗಾಲ ತೆರಿಗೆಯ ಮರುಹಂಚಿಕೆ

ಸಂಸ್ಕೃತದ 'ಕರ' ಶಬ್ದಕ್ಕೆ ಅಮರಕೋಶವು ತೆರಿಗೆ, ಕೈ, ಕಿರಣ ಎಂಬ ಮೂರು ಅರ್ಥಗಳನ್ನು ಹೇಳುತ್ತದೆ. ಸೂರ್ಯನು ತನ್ನ ಕರಗಳಿಂದ ನೆಲದ ನೀರನ್ನು ಹೀರಿ ಮಳೆಯಾಗಿ ಹಿಂದಿರುಗಿಸುವಂತೆ, ಅರಸನು ಪ್ರಜೆಗಳಿಂದ ಕೊಂಡುದನ್ನು ಪ್ರಜೆಗಳಿಗೇ ಸಲ್ಲಿಸಬೇಕೆಂಬುದು ನಮ್ಮ ಪ್ರಾಚೀನರ ಆಶಯ. ಹಾಗೆ ಸಲ್ಲುತ್ತಿದ್ದುದು ಕೆರೆ, ದಾರಿ, ಛತ್ರಗಳ ರೂಪದಲ್ಲಿ. ಕೊಂಡ ಹಣವನ್ನು ಹಣವಾಗಿಯೇ ಮನೆಮನೆಗೆ ಹಂಚಿದ ಉದಾಹರಣೆಗಳು ವಿರಳ. ಅಂಥ ಒಂದು ಏರ್ಪಾಡು 2019ರಿಂದ 2025ರವರೆಗೆ ಕೆನಡಾ ದೇಶದಲ್ಲಿ ನಡೆದು ನಿಂತುಹೋಯಿತು. ಅದು ನಡೆದ ಬಗೆಯೂ ನಿಂತ ಬಗೆಯೂ ವಿಚಾರಾರ್ಹವಾಗಿವೆ.

ಕಲ್ಲಿದ್ದಲು, ಪೆಟ್ರೋಲು, ನೈಸರ್ಗಿಕ ಅನಿಲಗಳನ್ನು ಉರಿಸಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡು ಭೂಮಿಯ ತಾಪವನ್ನು ಹೆಚ್ಚಿಸುತ್ತದೆಂಬುದು ಈಗ ಶಾಲಾಬಾಲಕರಿಗೂ ತಿಳಿದ ವಿಷಯ. ಉರಿಸಿದವನು ಇಂಧನದ ಬೆಲೆಯನ್ನು ತೆರುತ್ತಾನೆಯೇ ಹೊರತು ಹೊಗೆಯ ಬೆಲೆಯನ್ನು ತೆರುವುದಿಲ್ಲ. ಅದನ್ನು ತೆರುವವರು ಬರದಿಂದ, ನೆರೆಯಿಂದ ನೊಂದ ಬೇರೆ ಯಾರೋ. ಈ ಅನ್ಯಾಯವನ್ನು ಸರಿಪಡಿಸಲು ಹೊಗೆಗೂ ಒಂದು ಬೆಲೆಯನ್ನು ಕಟ್ಟುವುದೇ ಇಂಗಾಲ ತೆರಿಗೆ. ಕೆನಡಾದ ಸಂಸತ್ತು 2018ರಲ್ಲಿ ಇದಕ್ಕಾಗಿ ಶಾಸನವನ್ನು ರಚಿಸಿತು. ತಮ್ಮದೇ ತಕ್ಕ ವ್ಯವಸ್ಥೆಯನ್ನು ಹೊಂದಿದ್ದ ಕ್ವಿಬೆಕ್, ಬ್ರಿಟಿಷ್ ಕೊಲಂಬಿಯಾದಂಥ ಪ್ರಾಂತಗಳನ್ನು ಬಿಟ್ಟು, 2019ರ ಏಪ್ರಿಲ್ 1ರಿಂದ ಒಂಟಾರಿಯೊ, ಮ್ಯಾನಿಟೋಬ, ಸಸ್ಕ್ಯಾಚೆವಾನ್, ನ್ಯೂ ಬ್ರನ್ಸ್‌ವಿಕ್ ಪ್ರಾಂತಗಳಲ್ಲಿ ಇಂಧನಶುಲ್ಕವು ಜಾರಿಗೆ ಬಂದಿತು. ಆಲ್ಬರ್ಟ 2020ರಲ್ಲಿ ಸೇರಿತು. ಕೆಲವು ಪ್ರಾಂತಗಳು ಇದು ಕೇಂದ್ರದ ಅಧಿಕಾರಕ್ಕೆ ಮೀರಿದುದೆಂದು ದಾವೆ ಹೂಡಿದವು. 2021ರ ಮಾರ್ಚ್ 25ರಂದು ಸರ್ವೋಚ್ಚ ನ್ಯಾಯಾಲಯವು ಶಾಸನವನ್ನು ಎತ್ತಿಹಿಡಿಯಿತು.

ದರವು ಮೊದಲ ವರ್ಷ ಟನ್ನಿಗೆ 20 ಡಾಲರ್ ಇದ್ದುದು ಏರುತ್ತ ಏರುತ್ತ 2024ರ ಏಪ್ರಿಲಿನಲ್ಲಿ 80 ಡಾಲರಿಗೆ ಮುಟ್ಟಿತು. ಟನ್ನೆಂದರೆ ಸಾವಿರ ಕಿಲೋಗ್ರಾಂ. ಆದ್ದರಿಂದ ಕಿಲೋಗ್ರಾಮಿಗೆ 8 ಸೆಂಟು. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.2 ಕಿಲೋಗ್ರಾಂ ಎಂದು ಲೆಕ್ಕ ಹಿಡಿದು 17.61 ಸೆಂಟು ಶುಲ್ಕವನ್ನು ವಿಧಿಸಲಾಯಿತು. ಮನೆಯನ್ನು ಬೆಚ್ಚಗಿಡಲು ಬಳಸುವ ನೈಸರ್ಗಿಕ ಅನಿಲಕ್ಕೆ ಘನಮೀಟರಿಗೆ 15.25 ಸೆಂಟು.

ಇನ್ನು ಮರಳಿಸುವ ಕೈಯ ವಿಚಾರ. ಯಾವ ಪ್ರಾಂತದಲ್ಲಿ ಹಣ ಕೂಡಿತೋ ಆ ಪ್ರಾಂತಕ್ಕೇ ಅದು ಸಲ್ಲಬೇಕೆಂಬುದು ಮೊದಲ ನಿಯಮ. ಅದರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಕುಟುಂಬಗಳಿಗೆ. ಉಳಿದುದು ಸಣ್ಣ ಉದ್ಯಮಗಳು, ಮೂಲನಿವಾಸಿಗಳ ಆಡಳಿತಗಳು ಮುಂತಾದವುಗಳಿಗೆ. ಕುಟುಂಬದ ಪಾಲನ್ನು ನಿರ್ಣಯಿಸಲು ಅದು ಎಷ್ಟು ಇಂಧನವನ್ನು ಉರಿಸಿತೆಂದಾಗಲಿ, ಅದರ ವರಮಾನ ಎಷ್ಟೆಂದಾಗಲಿ ಕೇಳುವಂತಿರಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂಬುದಷ್ಟೇ ಪ್ರಶ್ನೆ. ಒಂಟಾರಿಯೊದಲ್ಲಿ 2024–25ರ ಸಾಲಿಗೆ ಮೊದಲ ವಯಸ್ಕರಿಗೆ ವರ್ಷಕ್ಕೆ 560 ಡಾಲರ್, ಪತಿ ಅಥವಾ ಪತ್ನಿಗೆ 280, ಪ್ರತಿ ಮಗುವಿಗೆ 140. ನಾಲ್ವರ ಸಂಸಾರಕ್ಕೆ ಒಟ್ಟು 1,120. ಇಂಧನವನ್ನು ಹೆಚ್ಚು ಉರಿಸುವ ಆಲ್ಬರ್ಟದಲ್ಲಿ ಕೂಡಿದ ಹಣವೂ ಹೆಚ್ಚಾದುದರಿಂದ ಅಂಥದೇ ಸಂಸಾರಕ್ಕೆ 1,800. ಬಸ್ಸು ರೈಲುಗಳ ಅನುಕೂಲವಿಲ್ಲದ ಹಳ್ಳಿಗಾಡಿನವರಿಗೆ ನೂರಕ್ಕೆ ಇಪ್ಪತ್ತರಷ್ಟು ಅಧಿಕ.

ಇದನ್ನು ರಿಯಾಯಿತಿ ಎಂದು ಕರೆಯುವ ರೂಢಿಯುಂಟು, ಅದು ಸಾಧುವಲ್ಲ. ತೆರಬೇಕಾದುದರಲ್ಲಿ ಕಡಮೆ ಮಾಡುವುದು ರಿಯಾಯಿತಿ. ಇಲ್ಲಿ ತೆರಿಗೆ ಒಂದು ಬಿಡಿಕಾಸೂ ಕಡಮೆಯಾಗುವುದಿಲ್ಲ. ಮಠದ ದಾಸೋಹಕ್ಕೆ ಒಬ್ಬನು ಹತ್ತು ಚೀಲ ಜೋಳವನ್ನು ತಂದಿರಬಹುದು, ಇನ್ನೊಬ್ಬಳು ಒಂದು ಹಿಡಿ ಬೇಳೆಯನ್ನು ತಂದಿರಬಹುದು. ಪಂಕ್ತಿಯಲ್ಲಿ ಕುಳಿತಾಗ ಇಬ್ಬರಿಗೂ ಬಡಿಸುವುದು ಒಂದೇ ಸಮ. ದಾಸೋಹಕ್ಕೆ ತರುವುದು ಭಕ್ತಿಯಿಂದ, ತೆರಿಗೆಯನ್ನು ಕಟ್ಟುವುದು ಕಾನೂನಿನಿಂದ ಎಂಬ ಅಂತರ ದೊಡ್ಡದೇ. ಹೋಲಿಕೆ ಬಡಿಸುವ ರೀತಿಗೆ ಮಾತ್ರ ಸಲ್ಲುತ್ತದೆ.

"ಮರಳಿ ಕೊಡುವುದೇ ಆದರೆ ಕೊಳ್ಳುವುದೇಕೆ?" ಎಂಬುದು ಈ ವಿಷಯದಲ್ಲಿ ಎಲ್ಲರೂ ಎತ್ತುವ ಆಕ್ಷೇಪ. ಇದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಕಾಣಬೇಕು. ಒಂಟಾರಿಯೊದಲ್ಲಿ ನಾಲ್ವರಿರುವ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲ ಮನೆಯವರು 2024–25ರಲ್ಲಿ 1,500 ಲೀಟರ್ ಪೆಟ್ರೋಲನ್ನೂ 2,200 ಘನಮೀಟರ್ ಅನಿಲವನ್ನೂ ಬಳಸಿದರೆ ಅವರು ತೆತ್ತ ಶುಲ್ಕ 264.15 ಮತ್ತು 335.50, ಒಟ್ಟು 599.65 ಡಾಲರ್. ಕೈಸೇರಿದುದು 1,120, ಉಳಿತಾಯ 520.35. ಎರಡನೆಯ ಮನೆಯವರಿಗೆ ದೊಡ್ಡ ಬಂಗಲೆ, ಎರಡು ಕಾರು. 4,500 ಲೀಟರ್ ಪೆಟ್ರೋಲು, 4,000 ಘನಮೀಟರ್ ಅನಿಲ. ತೆತ್ತುದು 1,402.45; ಬಂದುದು ಅದೇ 1,120; ನಷ್ಟ 282.45. ಸರಕುಗಳ ಬೆಲೆಯಲ್ಲಿ ಅಡಗಿ ಬರುವ ಶುಲ್ಕದ ಅಂಶವನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಉಳಿತಾಯ ಕೊಂಚ ಕುಗ್ಗುತ್ತದೆ, ನಷ್ಟ ಕೊಂಚ ಹಿಗ್ಗುತ್ತದೆ. ಮುಖ್ಯವಾದ ಮಾತು ಮುಂದಿನದು. ಎರಡನೆಯ ಮನೆಯವರು ಒಂದು ಸಾವಿರ ಲೀಟರ್ ಪೆಟ್ರೋಲನ್ನು ಕಡಮೆ ಮಾಡಿದರೆ 176 ಡಾಲರ್ ಶುಲ್ಕ ಉಳಿಯುತ್ತದೆ, ಆದರೆ ಬರುವ ಹಣ ಕಡಮೆಯಾಗುವುದಿಲ್ಲ. ಮೊದಲ ಮನೆಯವರು ಉಡಾಫೆಯಿಂದ ಹೆಚ್ಚು ಉರಿಸಿದರೆ ಹೆಚ್ಚಿಗೆ ಬರುವುದೂ ಇಲ್ಲ. ಕೊಳ್ಳುವುದು ಬಳಕೆಗೆ ತಕ್ಕಂತೆ, ಕೊಡುವುದು ತಲೆಗೆ ತಕ್ಕಂತೆ. ಆದುದರಿಂದಲೇ ಮಿತವ್ಯಯದ ಫಲ ಮಿತವ್ಯಯಿಗೇ ದಕ್ಕುತ್ತದೆ. ಶ್ರೀಮಂತರು ಸಾಮಾನ್ಯವಾಗಿ ಹೆಚ್ಚು ಇಂಧನವನ್ನು ಬಳಸುವವರಾದ ಕಾರಣ ಬಡವರ ಪಾಲಿಗೆ ಇದು ಭಾರವಾಗದೆ ನೆರವೂ ಆಗುತ್ತಿದ್ದಿತು.

ತೆತ್ತ ಶುಲ್ಕ ಮತ್ತು ಪಡೆದ ಹಣ ಇವೆರಡನ್ನೇ ತೂಗಿದರೆ ಬಹುಪಾಲು ಕುಟುಂಬಗಳಿಗೆ ಲಾಭವೆಂದು ಅಲ್ಲಿಯ ಸಂಸತ್ತಿನ ಆಯವ್ಯಯಾಧಿಕಾರಿಯೂ ಹೇಳಿದ್ದನು. ಉದ್ಯೋಗ, ಬಂಡವಾಳಗಳ ಮೇಲಣ ಪರಿಣಾಮವನ್ನೂ ಸೇರಿಸಿದರೆ ಅನೇಕರಿಗೆ ನಷ್ಟವೆಂಬ ಇನ್ನೊಂದು ಲೆಕ್ಕವನ್ನು ಅದೇ ಕಚೇರಿ ಕೊಟ್ಟಿತು. ಈ ಎರಡನೆಯ ಲೆಕ್ಕದಲ್ಲಿ ಕಾರ್ಖಾನೆಗಳ ಮೇಲಿನ ಇಂಗಾಲ ದರವೂ ತಪ್ಪಾಗಿ ಸೇರಿಹೋಗಿತ್ತೆಂದು 2024ರಲ್ಲಿ ತಿಳಿದುಬಂದು, ಅಕ್ಟೋಬರಿನಲ್ಲಿ ಹೊರಬಂದ ಪರಿಷ್ಕೃತ ವರದಿಯಲ್ಲಿ ನಷ್ಟದ ಪ್ರಮಾಣ ತಗ್ಗಿತು. ಅಷ್ಟರಲ್ಲಿ ಹಳೆಯ ಅಂಕಿಗಳು ಸಭೆ ಸಭೆಗಳಲ್ಲಿ ಸಾಕಷ್ಟು ತಿರುಗಾಡಿಬಿಟ್ಟಿದ್ದವು.

ಹಣ ಕೈಸೇರಬೇಕಾದರೆ ವರಮಾನವಿಲ್ಲದವರೂ ವರಮಾನ ತೆರಿಗೆಯ ವಾರ್ಷಿಕ ಪತ್ರವನ್ನು ಸಲ್ಲಿಸಬೇಕಾಗಿತ್ತು. ಹೊಸದಾಗಿ ನೆಲಸಲು ಬಂದವರು ಬೇರೆ ಅರ್ಜಿಯನ್ನೇ ಕೊಡಬೇಕಿತ್ತು. ಟೊರಾಂಟೊ ಪರಿಸರಕ್ಕೆ ಹೋಗಿ ಸೇರಿದ ಕನ್ನಡ ಕುಟುಂಬಗಳಿಗೂ ಇದೇ ನಿಯಮ. ಮೊದಮೊದಲು ಈ ಮೊತ್ತವನ್ನು ವಾರ್ಷಿಕ ತೆರಿಗೆಯ ಲೆಕ್ಕದಲ್ಲಿಯೇ ಹೊಂದಿಸಿಬಿಡುತ್ತಿದ್ದರು. ತೆತ್ತವನಿಗೆ ಪ್ರತಿಸಲ ಪೆಟ್ರೋಲ್ ಬಂಕಿನಲ್ಲಿ ಬೆಲೆ ಕಣ್ಣಿಗೆ ಹೊಡೆಯುತ್ತಿತ್ತು. ಪಡೆದುದು ಹತ್ತಾರು ಅಂಕಿಗಳ ನಡುವೆ ಒಂದು ಸಾಲಾಗಿ ಅಡಗಿತ್ತು. 2022ರ ಜುಲೈಯಿಂದ ಮೂರು ತಿಂಗಳಿಗೊಮ್ಮೆ ನೇರವಾಗಿ ಬ್ಯಾಂಕಿನ ಖಾತೆಗೆ ಸಂದಾಯ ಮಾಡತೊಡಗಿದರೂ, ಅದರ ಹೆಸರನ್ನು ಓದಿ ಇದು ಯಾವ ಹಣವೆಂದು ತಿಳಿಯುವುದು ಎಲ್ಲರಿಗೂ ಸಾಧ್ಯವಾಗಲಿಲ್ಲ. 2024ರಲ್ಲಿ ಸರಕಾರವು ಅದನ್ನು ಕೆನಡಾ ಕಾರ್ಬನ್ ರಿಬೇಟ್ ಎಂದು ಪುನರ್ನಾಮಕರಣ ಮಾಡಿತು. ಐದು ವರ್ಷಗಳ ತರುವಾಯ ಹೆಸರಿಟ್ಟರೆ ಕೂಸು ಹೇಗೆ ಓಗೊಟ್ಟೀತು! ಸ್ವಿಟ್ಜರ್‌ಲೆಂಡಿನಲ್ಲಿ 2008ರಿಂದ ನಡೆದುಬಂದಿರುವ ಇಂಥದೇ ಕರದ ಪಾಲನ್ನು ಆರೋಗ್ಯ ವಿಮೆಯ ಕಂತಿನಲ್ಲಿ ಕಳೆದು ಕೊಡುತ್ತಾರೆ. ಅಲ್ಲಿಯೂ ಇದೇ ಮರೆವು ಉಂಟು. ಆದರೆ ಅಲ್ಲಿ ಆ ಕರವು ಮನೆ ಕಾಯಿಸುವ ಇಂಧನದ ಮೇಲಿದೆಯೇ ಹೊರತು ಪೆಟ್ರೋಲಿನ ಮೇಲಿಲ್ಲ.

ಕೆನಡಾದಲ್ಲಿ ವ್ಯವಸ್ಥೆಗೆ ಮೊದಲ ಬಿರುಕು ಬಿಟ್ಟುದು ಸರಕಾರದ ಕೈಯಿಂದಲೇ. 2023ರ ಅಕ್ಟೋಬರಿನಲ್ಲಿ ಮನೆ ಕಾಯಿಸುವ ತೈಲಕ್ಕೆ ಮೂರು ವರ್ಷ ಶುಲ್ಕವಿಲ್ಲವೆಂದು ಸಾರಲಾಯಿತು. ಆ ತೈಲವನ್ನು ಹೆಚ್ಚಾಗಿ ನೆಚ್ಚಿದವರು ಅಟ್ಲಾಂಟಿಕ್ ತೀರದ ಪ್ರಾಂತಗಳವರು. ಅನಿಲವನ್ನು ಬಳಸುವ ನಮಗೇಕೆ ಇಲ್ಲವೆಂದು ಉಳಿದವರು ಕೇಳಿದರು. ಪಂಕ್ತಿಭೇದವೊಂದು ಕಾಣಿಸಿಕೊಂಡ ಮೇಲೆ ಊಟ ರುಚಿಸುವುದುಂಟೆ? ಮರುವರ್ಷದ ಜನವರಿಯಲ್ಲಿ ಸಸ್ಕ್ಯಾಚೆವಾನ್ ಪ್ರಾಂತವು ಅನಿಲದ ಮೇಲಿನ ಶುಲ್ಕವನ್ನು ವಸೂಲು ಮಾಡುವುದನ್ನು ತಾನೇ ನಿಲ್ಲಿಸಿತು. ತೆರಿಗೆಯನ್ನು ಕಿತ್ತೆಸೆಯಿರೆಂಬ ವಿರೋಧಪಕ್ಷದ ಕೂಗು ಊರೂರಿಗೆ ಹಬ್ಬಿತು. 2025ರ ಮಾರ್ಚ್ 14ರಂದು ಪ್ರಧಾನಿಯಾಗಿ ಅಧಿಕಾರ ವಹಿಸಿಕೊಂಡ ಮಾರ್ಕ್ ಕಾರ್ನಿಯವರು ಅಂದೇ ಗೃಹಬಳಕೆಯ ಇಂಧನಶುಲ್ಕವನ್ನು ನಿಲ್ಲಿಸುವ ಆಜ್ಞೆಗೆ ಸಹಿ ಹಾಕಿದರು. ದೊಡ್ಡ ಕಾರ್ಖಾನೆಗಳ ಮೇಲಣ ದರವನ್ನು ಆಗ ಮುಟ್ಟಲಿಲ್ಲ. ಏಪ್ರಿಲ್ 1ರಿಂದ ಬಂಕುಗಳಲ್ಲಿ ಲೀಟರಿಗೆ 17.61 ಸೆಂಟಿನ ಶುಲ್ಕ ಇಲ್ಲವಾಯಿತು. ಅದೇ ತಿಂಗಳ 22ರಂದು ಕುಟುಂಬಗಳ ಖಾತೆಗಳಿಗೆ ಕೊನೆಯ ಕಂತು ಜಮೆಯಾಯಿತು.